ಗೂಬೆ ಯಾರ ತಲೆ ಮೇಲೆ? ನ್ವಾರ್ ಸಿನಿಮಾದ ಹೆಂಗಸರ ಬಗ್ಗೆ ಒಂದಿಷ್ಟು ಮಾತು

(ಒಂದು ಚಿತ್ರ ಸಮಾಜದ ಕಾರ್ಯಕ್ರಮದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಅಲ್ಲಿ ತೆರೆಯ ಮೇಲೆ ತೋರಿಸಿದ ತುಣುಕುಗಳನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈಗ ನೋಡಿದ ಹಾಡು 1946ರ 'ಗಿಲ್ಡಾ' ಎಂಬ ನ್ವಾರ್ ಚಿತ್ರದ್ದು. ನ್ವಾರ್ ಅಂದ್ರೆ 1940–50ರ ದಶಕಗಳ ಹಾಲಿವುಡ್‌ನ, ಕತ್ತಲು ತುಂಬಿದ ಅಪರಾಧದ ಚಿತ್ರಗಳು. ರೀಟಾ ಹೇವರ್ತ್ ತೋಳಿಲ್ಲದ ಕಪ್ಪು ಸ್ಯಾಟಿನ್ ಗೌನು ತೊಟ್ಟು, ಮೊಣಕೈ ದಾಟುವ ಕಪ್ಪು ಗ್ಲೌಸು ಹಾಕಿಕೊಂಡು ಕ್ಲಬ್ಬಿನಲ್ಲಿ ಹಾಡುತ್ತಾಳೆ. ಹಾಡುತ್ತಾ ಹಾಡುತ್ತಾ ಒಂದು ಗ್ಲೌಸನ್ನು ನಿಧಾನಕ್ಕೆ ಬಿಚ್ಚಿ ಎಸೆಯುತ್ತಾಳೆ. ಸುಮಾರು ಎಂಬತ್ತು ವರ್ಷ ಆಯಿತು, ಜನ ಇವತ್ತಿಗೂ ಆ ಗ್ಲೌಸಿನ ಮಾತೇ ಆಡುತ್ತಾರೆ. ಹಾಡಿನ ಸಾಲುಗಳನ್ನು ಗಮನವಿಟ್ಟು ಕೇಳಿದವರು ಕಡಿಮೆ. (ದನಿ ಹೇವರ್ತ್‌ದಲ್ಲ, ಅನಿತಾ ಎಲ್ಲಿಸ್ ಎಂಬ ಗಾಯಕಿಯದು. ಹಿನ್ನೆಲೆ ಗಾಯನ ಅಂದ್ರೆ ಬರೀ ನಮ್ಮ ಆಸ್ತಿ ಅಂದುಕೊಂಡವರಿಗೆ ಇದನ್ನು ಹೇಳಬೇಕು.)

ಆ ಸಾಲುಗಳು ಏನು ಹೇಳುತ್ತವೆ ಗೊತ್ತಾ? ಷಿಕಾಗೋ ಊರಿಗೆ ಬೆಂಕಿ ಬಿತ್ತು. ನ್ಯೂಯಾರ್ಕ್ ಹಿಮದಲ್ಲಿ ಹೂತುಹೋಯಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಭೂಮಿ ನಡುಗಿತು. ಎಲ್ಲಕ್ಕೂ ಕಾರಣ ಮೇಮ್ ಅನ್ನೋ ಒಬ್ಬ ಹೆಂಗಸು, ತಪ್ಪೆಲ್ಲ ಅವಳದೇ ಅಂತ ಹೇಳಿಬಿಡಿ ಅನ್ನುತ್ತದೆ ಹಾಡು. ನಮ್ಮಲ್ಲಿ ಗೂಬೆ ಕೂರಿಸೋದು ಅಂತೀವಲ್ಲ, ಅದೇ. ಮೂರೂ ನಿಜವಾಗಿ ನಡೆದ ಅನಾಹುತಗಳು: 1871ರ ಬೆಂಕಿ, 1888ರ ಹಿಮಪಾತ, 1906ರ ಭೂಕಂಪ. ಅಂದ್ರೆ ಹಾಡು ಗಂಡಸರನ್ನು ಗೇಲಿ ಮಾಡುತ್ತಿದೆ. ಎದುರಿಗೆ ಕೂತ ಗಂಡಸರು ಗ್ಲೌಸು ನೋಡುತ್ತಿದ್ದಾರೆ, ತಮ್ಮನ್ನೇ ಆಡಿಕೊಳ್ಳುತ್ತಿರುವುದು ಅವರಿಗೆ ಗೊತ್ತಾಗುತ್ತಿಲ್ಲ.

ಇನ್ನೂ ಒಂದು ವಿಷಯ. ಗಿಲ್ಡಾ ಆ ಸಿನಿಮಾದಲ್ಲಿ ಮಾಡುವ ಅಪರಾಧ ಏನು ಅಂತ ಪಟ್ಟಿ ಮಾಡಲು ಹೋಗಿ. ಪಟ್ಟಿ ಖಾಲಿ ಉಳಿಯುತ್ತದೆ. ಕಥೆ ಹೇಳುವ ಜಾನಿ ಎಂಬ ಗಂಡಸು ಅವಳನ್ನು ಅನುಮಾನಿಸುತ್ತಾನೆ, ಕೂಡಿಹಾಕುತ್ತಾನೆ, ಹೊಡೆಯುತ್ತಾನೆ. ಕೊನೆಗೆ ಒಬ್ಬ ಪೊಲೀಸ್ ಅಧಿಕಾರಿ ಬಂದು, ನೀನು ಅಂದುಕೊಂಡ ಯಾವುದನ್ನೂ ಅವಳು ಮಾಡಿಲ್ಲ ಕಣಯ್ಯಾ ಅಂತ ಅವನಿಗೆ ತಿಳಿಸಿ ಹೇಳಬೇಕಾಗುತ್ತದೆ. ಹಾಗಿದ್ದೂ ಗಂಡಸರನ್ನು ಹಾಳು ಮಾಡುವ ಹೆಂಗಸರ ಪಟ್ಟಿ ಯಾರೇ ಮಾಡಲಿ, ಗಿಲ್ಡಾ ಮೊದಲ ಸಾಲಿನಲ್ಲೇ ಇರುತ್ತಾಳೆ. 'ಫೆಮ್ ಫಟಾಲ್' ಅಂತ ಅವಳಿಗೆ ಬಿರುದು ಬೇರೆ.

ನಾನು ಇವತ್ತು ಹೇಳಬೇಕು ಅಂದುಕೊಂಡಿರುವುದು ಇಷ್ಟೇ. ಈ ಚಿತ್ರಗಳಲ್ಲಿ ಕಥೆ ಹೇಳುವ ಬಾಯಿ ಸಾಮಾನ್ಯವಾಗಿ ಗಂಡಸಿನದು. ಅವಳಿಂದ ಕೆಟ್ಟೆ ಅಂತಾನೆ. ಕ್ಯಾಮೆರಾ ಮಾತ್ರ ಬೇರೆ ಸಾಕ್ಷಿ ಹೇಳುತ್ತದೆ: ಇವನು ಕೆಡಲು ಆಗಲೇ ತಯಾರಾಗಿ ನಿಂತಿದ್ದ. ಆ ಎರಡರ ನಡುವಿನ ಸಂದಿಯಲ್ಲೇ ನ್ವಾರ್‌ನ ರುಚಿ ಇರುವುದು.

ನ್ವಾರ್ ಅನ್ನೋ ಹೆಸರು ಎಲ್ಲಿಂದ ಬಂತು ಅಂತ ಬೇಗ ಹೇಳಿ ಮುಗಿಸುತ್ತೇನೆ. ಈ ಚಿತ್ರಗಳನ್ನು ಮಾಡಿದವರಿಗೆ ತಾವು ನ್ವಾರ್ ಮಾಡುತ್ತಿದ್ದೇವೆ ಅಂತ ಗೊತ್ತೇ ಇರಲಿಲ್ಲ. ಸ್ಟುಡಿಯೋದವರು ಮೆಲೋಡ್ರಾಮಾ ಅನ್ನುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಕೈಯಲ್ಲಿದ್ದ ಪ್ಯಾರಿಸ್ಸಿಗೆ ಅಮೆರಿಕದ ಸಿನಿಮಾ ಬರುವುದು ನಿಂತಿತ್ತು. ಯುದ್ಧ ಮುಗಿದ ಮೇಲೆ ಬಾಕಿ ಉಳಿದಿದ್ದೆಲ್ಲ ಒಟ್ಟಿಗೆ ಬಂದು ಇಳಿಯಿತು. ಬಿಡಿಬಿಡಿಯಾಗಿ ನೋಡಿದವರಿಗೆ ಕಾಣದ ಬಣ್ಣ ಒಟ್ಟಿಗೆ ನೋಡಿದವರಿಗೆ ಕಂಡಿತು. ನೀನೋ ಫ್ರಾಂಕ್ ಎಂಬ ವಿಮರ್ಶಕರು 1946ರಲ್ಲಿ ಬರೆದ ಲೇಖನದಿಂದ 'ಫಿಲ್ಮ್ ನ್ವಾರ್', ಅಂದ್ರೆ ಫ್ರೆಂಚಿನಲ್ಲಿ ಕಪ್ಪು ಸಿನಿಮಾ, ಅನ್ನೋ ಹೆಸರು ಅಂಟಿಕೊಂಡಿತು. ಸಾಮಾನ್ಯವಾಗಿ 1941ರ 'ದ ಮಾಲ್ಟೀಸ್ ಫಾಲ್ಕನ್'ನಿಂದ 1958ರ 'ಟಚ್ ಆಫ್ ಈವಿಲ್'ವರೆಗೆ ಅಂತ ಲೆಕ್ಕ. ಆ ಲೆಕ್ಕದ ಬಗ್ಗೆ ಪಂಡಿತರಲ್ಲಿ ಜಗಳ ಇದೆ. ನಮಗೆ ಅದು ಬೇಡ.

ಈಗ 'ಡಬಲ್ ಇಂಡೆಮ್ನಿಟಿ'ಗೆ ಬರೋಣ. 1944ರ ಚಿತ್ರ, ನಿರ್ದೇಶನ ಬಿಲ್ಲಿ ವೈಲ್ಡರ್. ಒಂದೇ ಒಂದು ನ್ವಾರ್ ನೋಡುತ್ತೇನೆ ಅನ್ನುವವರಿಗೆ ನಾನು ಇದನ್ನೇ ಹೇಳುವುದು. ಹೆಸರು ಇನ್ಶೂರೆನ್ಸಿನದು. ನಮ್ಮ ಎಲ್‌ಐಸಿ ಏಜೆಂಟರು ಡಬಲ್ ಆಕ್ಸಿಡೆಂಟ್ ಬೆನಿಫಿಟ್ ಅಂತ ಹೇಳುತ್ತಾರಲ್ಲ, ಆ ಥರದ್ದು. ಮಾಮೂಲಿ ಅಪಘಾತದಲ್ಲಿ ಸತ್ತರೆ 50,000 ಡಾಲರ್, ರೈಲಿನಲ್ಲಿ ಅಪಘಾತವಾಗಿ ಸತ್ತರೆ 1,00,000. ವಾಲ್ಟರ್ ನೆಫ್ ಎಂಬ ಇನ್ಶೂರೆನ್ಸ್ ಸೇಲ್ಸ್‌ಮನ್ ಕಾರಿನ ಪಾಲಿಸಿ ರಿನ್ಯೂ ಮಾಡಿಸಲು ಒಂದು ಮನೆಗೆ ಹೋಗುತ್ತಾನೆ. ಯಜಮಾನ ಇಲ್ಲ. ಅವನ ಹೆಂಡತಿ ಫಿಲಿಸ್ ಬಿಸಿಲು ಕಾಯಿಸುತ್ತಿದ್ದವಳು ಟವೆಲ್ ಸುತ್ತಿಕೊಂಡು ಬಂದು ಮಹಡಿಯ ಮೇಲೆ ನಿಲ್ಲುತ್ತಾಳೆ. ಬಟ್ಟೆ ಹಾಕಿಕೊಂಡು ಕೆಳಗಿಳಿಯುವಾಗ ಕ್ಯಾಮೆರಾ ಅವಳ ಮುಖ ತೋರಿಸುವುದಿಲ್ಲ, ಕಾಲು ತೋರಿಸುತ್ತದೆ. ಕಾಲಿನಲ್ಲಿ ಒಂದು ಎಳೆ ಚೈನು. ನೆಫ್‌ನ ಕಣ್ಣು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮುಂದೆ ಇಬ್ಬರೂ ಸೇರಿ ಅವಳ ಗಂಡನನ್ನು ಕೊಂದು, ರೈಲಿನ ಅಪಘಾತ ಅಂತ ತೋರಿಸಿ ಆ ದುಡ್ಡು ಹೊಡೆಯಲು ಹೊರಡುತ್ತಾರೆ.

ಪಾತ್ರ ಮಾಡಿದವರು ಬಾರ್ಬರಾ ಸ್ಟಾನ್‌ವಿಕ್. ಮೊದಲು ಅವರಿಗೆ ಭಯವಿತ್ತು. ಇಷ್ಟು ಕೆಟ್ಟ ಹೆಂಗಸಿನ ಪಾತ್ರ ಮಾಡಿದರೆ ಜನ ಏನಂದಾರು ಅಂತ. ನೀವು ಇಲಿನಾ, ನಟಿನಾ ಅಂತ ಕೇಳಿದರಂತೆ ವೈಲ್ಡರ್. ನಟಿ ಅಂತ ಅಂದುಕೊಂಡಿದ್ದೇನೆ ಅಂದರಂತೆ ಇವರು. ಹಾಗಾದ್ರೆ ಮಾಡಿ. ತಲೆಗೆ ಒಂದು ಹೊಂಬಣ್ಣದ ವಿಗ್ ಇಟ್ಟರು. ನೋಡಿದ ಕೂಡಲೇ ಅದು ವಿಗ್ ಅಂತ ಗೊತ್ತಾಗುತ್ತದೆ. ಸ್ಟಾನ್‌ವಿಕ್‌ಗೆ ಸಂಬಳ ಕೊಟ್ಟು ಜಾರ್ಜ್ ವಾಷಿಂಗ್ಟನ್‌ನನ್ನು ಕರೆದುಕೊಂಡು ಬಂದ ಹಾಗಾಯಿತು ಅಂತ ಪ್ಯಾರಾಮೌಂಟ್‌ನ ದೊಡ್ಡವರೊಬ್ಬರು ಗೊಣಗಿದ್ದು ಪ್ರಸಿದ್ಧ. ನನಗೆ ಆ ವಿಗ್ ಇಷ್ಟ. ಅವಳು ಸುಳ್ಳು ಅಂತ ಮೊದಲ ನೋಟಕ್ಕೇ ಕಾಣುತ್ತದೆ. ಕಂಡರೂ ಇವನು ಹೋಗುತ್ತಾನೆ ನೋಡಿ, ಅದು ಮುಖ್ಯ.

ಯಾಕೆ ಹೋಗುತ್ತಾನೆ? ಅವನೇ ಹೇಳುತ್ತಾನೆ. ಗುಂಡೇಟು ತಿಂದು, ರಾತ್ರಿ ಆಫೀಸಿಗೆ ಬಂದು, ಡಿಕ್ಟಾಫೋನ್ ಮುಂದೆ ಕೂತು ತಪ್ಪೊಪ್ಪಿಗೆ ರೆಕಾರ್ಡ್ ಮಾಡುತ್ತಾನೆ. ಇಡೀ ಸಿನಿಮಾ ಆ ತಪ್ಪೊಪ್ಪಿಗೆಯೇ. ದುಡ್ಡಿಗೋಸ್ಕರ ಕೊಂದೆ, ಹೆಂಗಸಿಗೋಸ್ಕರ ಕೊಂದೆ, ದುಡ್ಡೂ ಸಿಗಲಿಲ್ಲ ಹೆಂಗಸೂ ಸಿಗಲಿಲ್ಲ ಅಂತಾನೆ. ಈ ಮಾತನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಅದೇ ತಪ್ಪೊಪ್ಪಿಗೆಯಲ್ಲಿ ಇನ್ನೊಂದು ಕಡೆ, ಅಷ್ಟು ಗದ್ದಲ ಮಾಡದೆ, ಬೇರೆ ಒಂದು ಮಾತು ಹೇಳುತ್ತಾನೆ. ಜೂಜಿನ ಚಕ್ರದ ಹಿಂದೆ ನಿಂತವನ ಕೆಲಸ ಗಿರಾಕಿಗಳು ಮೋಸ ಮಾಡದಂತೆ ನೋಡಿಕೊಳ್ಳುವುದು. ಒಂದು ರಾತ್ರಿ ಅವನಿಗೇ ಅನ್ನಿಸುತ್ತದೆ: ಈ ಚಕ್ರ ನನ್ನ ಕೈಯಲ್ಲೇ ಇದೆ, ನಾನೇ ಯಾಕೆ ಮೋಸ ಮಾಡಬಾರದು? ಅಂದ್ರೆ ಕಂಪನಿಗೆ ಟೋಪಿ ಹಾಕುವ ಉಪಾಯ ಇವನ ತಲೆಯಲ್ಲಿ ಎಂದಿನಿಂದಲೋ ಕೂತಿತ್ತು. ಫಿಲಿಸ್ ಬಂದಿದ್ದು ಆಮೇಲೆ. ಅವಳು ಕೇಳಿದ್ದು ಗಂಡನಿಗೆ ಗೊತ್ತಾಗದ ಹಾಗೆ ಆಕ್ಸಿಡೆಂಟ್ ಪಾಲಿಸಿ ಮಾಡಿಸಬಹುದಾ ಅಂತ. ರೈಲು, ಡಬಲ್ ದುಡ್ಡು, ಇವೆಲ್ಲ ಇವನ ಐಡಿಯಾ!

ಇದೇ ಚಿತ್ರದಿಂದ ಎರಡನೇ ತುಣುಕು ತೋರಿಸಿದೆ. ಫಿಲಿಸ್ ಕಾರು ಓಡಿಸುತ್ತಿದ್ದಾಳೆ. ಪಕ್ಕದಲ್ಲಿ ಕಾಲು ಮುರಿದುಕೊಂಡ ಗಂಡ, ಊರುಗೋಲಿನ ಸಮೇತ. ಹಿಂದಿನ ಸೀಟಿನ ಕೆಳಗೆ ನೆಫ್ ಅಡಗಿದ್ದಾನೆ. ಕತ್ತಲ ರಸ್ತೆಗೆ ಬಂದ ಮೇಲೆ ಅವಳು ಮೂರು ಸಲ ಹಾರ್ನ್ ಹೊಡೆಯುತ್ತಾಳೆ. ಅದೇ ಸನ್ನೆ. ಆಮೇಲೆ ಏನಾಗುತ್ತದೆ ಅಂತ ನಮಗೆ ಕಾಣುವುದಿಲ್ಲ. ಸದ್ದು ಮಾತ್ರ ಕೇಳುತ್ತದೆ. ಕ್ಯಾಮೆರಾ ಅವಳ ಮುಖದ ಮೇಲೆ ನಿಂತುಬಿಡುತ್ತದೆ. ಪಕ್ಕದಲ್ಲಿ ಗಂಡನ ಕುತ್ತಿಗೆ ಮುರಿಯುತ್ತಿದ್ದಾರೆ, ಇವಳು ರಸ್ತೆ ನೋಡುತ್ತಿದ್ದಾಳೆ. ಅಳುವುದಿಲ್ಲ, ನಗುವುದೂ ಇಲ್ಲ. ಕಣ್ಣಲ್ಲಿ ಒಂದು ಸಮಾಧಾನ ಬರುತ್ತದೆ, ತುಂಬಾ ಸಣ್ಣದು. ಎರಡು ಸಲ ನೋಡಿದರೆ ಸಿಗುತ್ತದೆ.

ಕೊಲೆಯನ್ನು ಯಾಕೆ ತೋರಿಸಲಿಲ್ಲ? ಆಗ ಹಾಲಿವುಡ್‌ನಲ್ಲಿ ಪ್ರೊಡಕ್ಷನ್ ಕೋಡ್ ಅಂತ ಒಂದು ಕಟ್ಟುನಿಟ್ಟಿನ ನಿಯಮಾವಳಿ ಇತ್ತು. 1934ರಿಂದ ಜೋಸೆಫ್ ಬ್ರೀನ್ ಎಂಬುವರ ಕಚೇರಿ ಅದನ್ನು ಗಟ್ಟಿಯಾಗಿ ಜಾರಿ ಮಾಡುತ್ತಿತ್ತು. ಕೊಲೆಯ ವಿವರ ತೋರಿಸಬಾರದು, ಹಾಸಿಗೆ ತೋರಿಸಬಾರದು, ಅಪರಾಧ ಮಾಡಿದವರು ತಪ್ಪಿಸಿಕೊಳ್ಳಬಾರದು. ಜೇಮ್ಸ್ ಎಂ. ಕೇನ್ ಬರೆದ ಈ ಕಥೆಯನ್ನು ಸಿನಿಮಾ ಮಾಡುವುದೇ ಬೇಡ ಅಂತ 1935ರಲ್ಲೇ ಬ್ರೀನ್ ಎಚ್ಚರಿಕೆ ಕೊಟ್ಟಿದ್ದರು. ಈ ಕಾಟದಿಂದ ಒಂದು ಲಾಭವಾಯಿತು. ತೋರಿಸುವಂತಿಲ್ಲದ್ದನ್ನೆಲ್ಲ ಮುಖದಲ್ಲಿ, ಮಾತಿನಲ್ಲಿ, ಕಾಲಿನ ಚೈನಿನಲ್ಲಿ ಹೇಳಬೇಕಾಯಿತು. ಇನ್ನೊಂದು: ಈ ಹೆಂಗಸರು ಕೊನೆಗೆ ಸಾಯಲೇಬೇಕು ಅಥವಾ ಜೈಲಿಗೆ ಹೋಗಲೇಬೇಕು. ಟಿಕೆಟ್ ಕೊಳ್ಳುವಾಗಲೇ ಪ್ರೇಕ್ಷಕರಿಗೆ ಅದು ಗೊತ್ತು. ಹಾಗಾಗಿ ಕೊನೆ ಏನು ಅನ್ನೋ ಕುತೂಹಲ ಯಾರಿಗೂ ಇಲ್ಲ. ಅಲ್ಲಿಯವರೆಗೆ ಅವಳು ಹೇಗೆ ಬದುಕುತ್ತಾಳೆ ಅನ್ನೋದೇ ಸಿನಿಮಾ.

ಈ ಕಥೆಗೆ ಒಂದು ನಿಜವಾದ ಬೇರು ಇದೆ. 1927ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ರೂತ್ ಸ್ನೈಡರ್ ಎಂಬಾಕೆ ತನ್ನ ಪ್ರಿಯಕರ ಜಡ್ ಗ್ರೇ ಜೊತೆ ಸೇರಿ ಗಂಡನನ್ನು ಕೊಂದಳು. ಗಂಡನ ಹೆಸರಿನಲ್ಲಿ ಡಬಲ್ ಇಂಡೆಮ್ನಿಟಿ ಪಾಲಿಸಿ ಇತ್ತು. ಗ್ರೇ ಒಳಉಡುಪು ಮಾರುವ ಸೇಲ್ಸ್‌ಮನ್. ಸೇರಿಯೇ ಕೊಂದರು, ಇಬ್ಬರಿಗೂ ಮರಣದಂಡನೆ ಆಯಿತು. ಆದರೆ ಗ್ರೇ ಪರ ವಕೀಲರು ಕೋರ್ಟಿನಲ್ಲಿ ಅವಳನ್ನು ವಿಷದ ಹಾವಿಗೆ ಹೋಲಿಸಿದರು. ಪಾಪದ ಗಂಡಸು, ಹಾವು ಸುತ್ತಿಕೊಂಡಿತು, ಅವನೇನು ಮಾಡಿಯಾನು! 1928ರ ಜನವರಿಯಲ್ಲಿ ಸಿಂಗ್ ಸಿಂಗ್ ಜೈಲಿನಲ್ಲಿ ವಿದ್ಯುತ್ ಕುರ್ಚಿಯ ಮೇಲೆ ಅವಳು ಸಾಯುವಾಗ ಒಬ್ಬ ಪತ್ರಿಕಾ ಛಾಯಾಗ್ರಾಹಕ ಕಣಕಾಲಿಗೆ ಕ್ಯಾಮೆರಾ ಕಟ್ಟಿಕೊಂಡು ಕದ್ದು ಫೋಟೋ ತೆಗೆದ. 'ಡೈಲಿ ನ್ಯೂಸ್' ಅದನ್ನು ಮುಖಪುಟದಲ್ಲಿ ಹಾಕಿತು. ಅದೇ ರಾತ್ರಿ ಗ್ರೇ ಕೂಡ ಸತ್ತ. ಜನರ ನೆನಪಿನಲ್ಲಿ ಉಳಿದ ಚಿತ್ರ ಅವಳದೊಂದೇ. ಕೇನ್ ಆಗ ನ್ಯೂಯಾರ್ಕಿನಲ್ಲಿ ಪತ್ರಕರ್ತರಾಗಿದ್ದರು.

ಹೀಗೆ ಕಥೆ ಹುಟ್ಟುವ ಮೊದಲೇ ಗೂಬೆ ಬಂದು ಕೂತಿತ್ತು.

ಕತ್ತಲಿನ ಬಗ್ಗೆ ಹೇಳದೆ ನ್ವಾರ್ ಮಾತು ಮುಗಿಯುವುದಿಲ್ಲ. ಆ ಕತ್ತಲು ಎಲ್ಲಿಂದ ಬಂತು? ಒಂದು ಉತ್ತರ ಎಲ್ಲರೂ ಕೊಡುವುದು: ಜರ್ಮನಿಯಿಂದ. ವೈಲ್ಡರ್, ಫ್ರಿಟ್ಸ್ ಲ್ಯಾಂಗ್, ರಾಬರ್ಟ್ ಸಿಯೋಡ್‌ಮಾಕ್, ಇವರೆಲ್ಲ ಬರ್ಲಿನ್‌ನಲ್ಲಿ ಸಿನಿಮಾ ಕೆಲಸ ಮಾಡಿ, ಹಿಟ್ಲರ್ ಬಂದ ಮೇಲೆ ಓಡಿ ಬಂದವರು. ಜರ್ಮನ್ ಮೂಕಿ ಚಿತ್ರಗಳ ನೆರಳು ಅವರ ಜೊತೆ ಬಂತು. ವೈಲ್ಡರ್ ಅವರ ತಾಯಿಯನ್ನು ನಾಜಿಗಳು ಕೊಂದರು. ಮನುಷ್ಯರು ಏನು ಬೇಕಾದರೂ ಮಾಡಿಯಾರು ಅನ್ನೋದು ಇಂಥವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇನ್ನೊಂದು ಉತ್ತರ ದುಡ್ಡಿನದು. ಯುದ್ಧದ ಕಾಲದಲ್ಲಿ ಅಮೆರಿಕ ಸರ್ಕಾರ ಒಂದು ಚಿತ್ರದ ಸೆಟ್ಟಿಗೆ 5,000 ಡಾಲರ್‌ಗಿಂತ ಜಾಸ್ತಿ ಹೊಸ ಸಾಮಗ್ರಿ ಬಳಸಬಾರದು ಅಂತ ಮಿತಿ ಹಾಕಿತ್ತು. ಅರ್ಧ ಗೋಡೆಯ ಮೇಲೆ ಬೆಳಕು ಬಿಡದಿದ್ದರೆ ಅರ್ಧ ಗೋಡೆ ಕಟ್ಟುವುದೇ ಬೇಡ. ನ್ವಾರ್‌ನ ಎಷ್ಟೋ ನಿಗೂಢ ನೆರಳುಗಳ ಹಿಂದೆ ಒಬ್ಬ ಬಡ ನಿರ್ಮಾಪಕ ನಿಂತಿದ್ದಾನೆ. 'ಡಬಲ್ ಇಂಡೆಮ್ನಿಟಿ' ಬಡ ಚಿತ್ರವೇನಲ್ಲ. ಅದರ ಛಾಯಾಗ್ರಾಹಕ ಜಾನ್ ಸೈಟ್ಸ್ ಕತ್ತಲನ್ನು ಬೇಕು ಅಂತಲೇ ತಂದರು. ಫಿಲಿಸ್ ಮನೆಯ ಗಾಳಿಯಲ್ಲಿ ಲೋಹದ ಸಣ್ಣ ಪುಡಿ ತೂರಿದರು, ಬಿಸಿಲು ಬಿದ್ದ ಕಡೆ ಧೂಳು ಹೊಳೆಯಲಿ ಅಂತ. ಹೊರಗೆ ಕ್ಯಾಲಿಫೋರ್ನಿಯಾದ ಸುಡು ಬಿಸಿಲು. ಒಳಗೆ ಕಿಟಕಿಯ ಬ್ಲೈಂಡ್‌ಗಳಿಂದ ಸೀಳಿ ಬಂದ ಬೆಳಕು ನೆಫ್‌ನ ಕೋಟಿನ ಮೇಲೆ ಪಟ್ಟೆಪಟ್ಟೆಯಾಗಿ ಬೀಳುತ್ತದೆ. ಆಗಿನ್ನೂ ಅವನು ಯಾವ ತಪ್ಪೂ ಮಾಡಿಲ್ಲ. ಆಗಲೇ ಜೈಲಿನ ಸರಳು ಅವನ ಮೈಮೇಲಿದೆ.

ಯುದ್ಧಕ್ಕೂ ಈ ಹೆಂಗಸರಿಗೂ ಸಂಬಂಧ ಇದೆ ಅಂತ ಬಹಳ ಜನ ಬರೆದಿದ್ದಾರೆ. ಗಂಡಸರು ಸೈನ್ಯಕ್ಕೆ ಹೋದಾಗ ಲಕ್ಷಾಂತರ ಹೆಂಗಸರು ಕಾರ್ಖಾನೆಗೆ ಹೋದರು, ಕೈಯಲ್ಲಿ ತಮ್ಮ ದುಡ್ಡು ಕಂಡರು. ಯುದ್ಧ ಮುಗಿದ ಮೇಲೆ ಮನೆಗೆ ನಡೀರಿ ಅಂದರು. ವಾಪಸ್ ಬಂದ ಗಂಡಸರಿಗೆ ಈ ಹೊಸ ಹೆಂಗಸು ಅರ್ಥವಾಗಲಿಲ್ಲ, ಭಯವಾಯಿತು, ಆ ಭಯವೇ ತೆರೆಯ ಮೇಲೆ ಬಂತು. ಇದು ಸರಿ ಇರಬಹುದು. ಆದರೆ ಪೂರ್ತಿ ಸಾಲದು, ಕೇನ್ ಕಥೆ ಬರೆದಿದ್ದು ಯುದ್ಧಕ್ಕಿಂತ ಮೊದಲೇ ಅಲ್ವಾ?

ನಮಗೆ ಹತ್ತಿರದ ಕಥೆ ಒಂದಿದೆ. ಮೋಹಿನಿ–ಭಸ್ಮಾಸುರ. ಯಕ್ಷಗಾನದಲ್ಲಿ ನೋಡಿದ್ದೀರಿ. ಮೋಹಿನಿ ಕುಣಿಯುತ್ತಾಳೆ, ಭಸ್ಮಾಸುರ ಅವಳಂತೆಯೇ ಕುಣಿಯುತ್ತಾ ಕುಣಿಯುತ್ತಾ ತನ್ನ ತಲೆ ಮೇಲೆ ತಾನೇ ಕೈ ಇಡುತ್ತಾನೆ. ಕೈ ಅವನದು, ವರ ಅವನದು, ಉರಿ ಅವನದು. ಇಷ್ಟರ ಮಟ್ಟಿಗೆ ಅದು ಅಪ್ಪಟ ನ್ವಾರ್. ಮೋಹಿನಿ ಮಾತ್ರ ದೇವತೆಗಳ ಕೆಲಸಕ್ಕೆ ಬಂದವಳು. ಫಿಲಿಸ್ ಯಾರ ಕೆಲಸಕ್ಕೂ ಬಂದವಳಲ್ಲ. ಅವಳಿಗೆ ದುಡ್ಡು ಬೇಕು, ಆ ಮನೆಯಿಂದ ಹೊರಗೆ ಬರಬೇಕು. ತನಗಾಗಿ ಏನೋ ಬೇಕು ಅಂತ ಇಷ್ಟು ನೇರವಾಗಿ ಬಯಸುವ ಹೆಂಗಸು ಆ ಕಾಲದ ಸಿನಿಮಾದಲ್ಲಿ ಬೇರೆ ಎಲ್ಲಿ ಸಿಗುತ್ತಿದ್ದಳು?

1947ರ 'ಔಟ್ ಆಫ್ ದ ಪಾಸ್ಟ್' ಬಗ್ಗೆ ಎರಡು ಮಾತು. ರಾಬರ್ಟ್ ಮಿಚಮ್ ಪತ್ತೇದಾರ. ಕರ್ಕ್ ಡಗ್ಲಸ್‌ನ ಪಾತ್ರಕ್ಕೆ ಗುಂಡು ಹೊಡೆದು 40,000 ಡಾಲರ್ ಜೊತೆ ಓಡಿಹೋದ ಕ್ಯಾಥಿಯನ್ನು ಹುಡುಕುವುದು ಅವನ ಕೆಲಸ. ಮೆಕ್ಸಿಕೋದ ಅಕಾಪುಲ್ಕೋದಲ್ಲಿ ಒಂದು ಮಬ್ಬುಗತ್ತಲಿನ ಹೋಟೆಲಿನಲ್ಲಿ ಕಾಯುತ್ತಾನೆ. ಹೊರಗಿನ ಬಿಸಿಲಿನಿಂದ ಕ್ಯಾಥಿಯಾಗಿ ಜೇನ್ ಗ್ರೀರ್ ಒಳಗೆ ನಡೆದು ಬರುತ್ತಾಳೆ, ಬಿಳಿ ಬಟ್ಟೆಯಲ್ಲಿ. ಆಮೇಲೆ ಸಮುದ್ರದ ದಂಡೆಯಲ್ಲಿ, ಆ ದುಡ್ಡು ನಾನು ತಗೊಂಡಿಲ್ಲ, ನನ್ನನ್ನು ನಂಬುತ್ತೀಯಾ ಅಂತ ಕೇಳುತ್ತಾಳೆ. ಅವನು ನಂಬುತ್ತೇನೆ ಅನ್ನುವುದಿಲ್ಲ. ನನಗೇನಂತೆ ಅಂದು ಮುತ್ತು ಕೊಡುತ್ತಾನೆ. ಮುಂದೆ ಅವನಿಗೆ ಆಗುವ ಅನಾಹುತಕ್ಕೆಲ್ಲ ಆ ಒಂದು ಮಾತಿನಲ್ಲೇ ಸಹಿ ಬಿತ್ತು. ಮೋಸ ಹೋದೆ ಅಂತ ಹೇಳಿಕೊಳ್ಳುವ ಹಕ್ಕು ಅವನಿಗಿಲ್ಲ. ಮಿಚಮ್‌ನ ದೊಡ್ಡತನ ಏನಂದ್ರೆ, ಆ ಪಾತ್ರ ಹಾಗೆ ಹೇಳಿಕೊಳ್ಳುವುದೂ ಇಲ್ಲ. ತೂಕಡಿಸುವ ಕಣ್ಣಲ್ಲಿ ಎಲ್ಲ ಗೊತ್ತಿದ್ದೇ ನಡೆದು ಹೋಗುತ್ತಾನೆ.

ಈ ಗಾಳಿ ಬೊಂಬಾಯಿಗೂ ಬೀಸಿತು, ತಂದವರಲ್ಲಿ ನಮ್ಮವರೇ ಇದ್ದರು. ಗುರುದತ್ ಹುಟ್ಟಿದ್ದು 1925ರಲ್ಲಿ ಬೆಂಗಳೂರಿನಲ್ಲಿ. ಅವರ ಮೊದಲ ಚಿತ್ರ 1951ರ 'ಬಾಜಿ'. ಜೂಜಿನ ಕ್ಲಬ್ಬು, ಸಿಗರೇಟು, ಟೋಪಿ ಹಾಕಿದ ದೇವ್ ಆನಂದ್, ಎಲ್ಲ ಇದೆ. ಆ ಚಿತ್ರದಲ್ಲಿ ಸಹಾಯಕ ಛಾಯಾಗ್ರಾಹಕರಾಗಿದ್ದವರು ಮೈಸೂರಿನ ವಿ. ಕೆ. ಮೂರ್ತಿ. ಅವರ ಕೆಲಸ ಗುರುದತ್ ಕಣ್ಣಿಗೆ ಬಿತ್ತು. ಮರುವರ್ಷದ 'ಜಾಲ್'ನಿಂದ ಕ್ಯಾಮೆರಾ ಮೂರ್ತಿಯವರ ಕೈಗೆ ಬಂತು. 1959ರ 'ಕಾಗಜ್ ಕೆ ಫೂಲ್'ನಲ್ಲಿ ಸ್ಟುಡಿಯೋದ ಕತ್ತಲೊಳಗೆ ಕಂಬದಂತೆ ಇಳಿಯುವ ಬೆಳಕು ಇದೆಯಲ್ಲ, ಅದು ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಹಾಯಿಸಿ ತಂದಿದ್ದು. ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು ಇದೇ ಮೂರ್ತಿ.

ಬೆಳಕು ನೆರಳು ಚೆನ್ನಾಗಿಯೇ ಬಂತು. ಹೆಂಗಸು ಮಾತ್ರ ಪೂರ್ತಿ ಬರಲಿಲ್ಲ. ಬೊಂಬಾಯಿಯಲ್ಲಿ ಅವಳನ್ನು ಎರಡು ಭಾಗ ಮಾಡಿದರು. 'ಬಾಜಿ'ಯಲ್ಲಿ ಒಬ್ಬಳು ಡಾಕ್ಟರ್, ಒಳ್ಳೆಯವಳು, ಮದುವೆಗೆ ಸಲ್ಲುವವಳು. ಇನ್ನೊಬ್ಬಳು ಕ್ಲಬ್ಬಿನಲ್ಲಿ ಕುಣಿಯುವ ನೀನಾ. ಗೀತಾ ಬಾಲಿ ಮಾಡಿದ ಈ ನೀನಾ ಹಾಡಿನಲ್ಲೇ ನಾಯಕನಿಗೆ ಅಪಾಯದ ಸುಳಿವು ಕೊಡುತ್ತಾಳೆ, ಅವನಿಗಾಗಿ ಗುಂಡಿಗೆ ಎದೆ ಕೊಟ್ಟು ಸಾಯುತ್ತಾಳೆ. ಫಿಲಿಸ್ ಯಾರಿಗಾದರೂ ಗುಂಡಿಗೆ ಅಡ್ಡ ಬರುವುದನ್ನು ಊಹಿಸಿಕೊಳ್ಳಿ! ನಮ್ಮ ಸಿನಿಮಾಕ್ಕೆ ಕೆಟ್ಟ ಹೆಂಗಸನ್ನು ಕೆಟ್ಟವಳಾಗಿಯೇ ಬಿಡುವ ಧೈರ್ಯ ಇರಲಿಲ್ಲ ಅಂತ ನನ್ನ ದೂರು. ಗೀತಾ ಬಾಲಿ ಅಷ್ಟು ಚೆನ್ನಾಗಿ ಮಾಡಿದ್ದಾರೆ ಅನ್ನೋದು ಬೇರೆ ಮಾತು.

ಉಪನ್ಯಾಸದ ಕೊನೆಯಲ್ಲಿ ಎರಡು ಪ್ರಶ್ನೆ ಬಂದವು. ಅವನ್ನೂ ಬರೆದುಬಿಡುತ್ತೇನೆ.

ಒಬ್ಬ ವಿದ್ಯಾರ್ಥಿನಿ ಕೇಳಿದರು: ಸರ್, ನೀವು ಏನೇ ಹೇಳಿ, ಇವು ಹೆಂಗಸರನ್ನು ಕೆಟ್ಟದಾಗಿ ತೋರಿಸುವ ಚಿತ್ರಗಳೇ ಅಲ್ವಾ? ಹೌದು, ಅರ್ಧ ಹೌದು. ಬರೆದವರು, ನಿರ್ದೇಶಿಸಿದವರು ಹೆಚ್ಚಿನ ಪಾಲು ಗಂಡಸರು. 'ಗಿಲ್ಡಾ'ದ ನಿರ್ಮಾಪಕಿ ವರ್ಜೀನಿಯಾ ವಾನ್ ಅಪ್. ಆ ಹಾಡಿನ ಕುಟುಕು ಅದಕ್ಕೇ ಬಂತಾ ಅಂತ ನನಗೆ ಗುಮಾನಿ. ನಟಿ ಐಡಾ ಲುಪಿನೊ 1953ರಲ್ಲಿ ತಾವೇ ನಿರ್ದೇಶಿಸಿದ ನ್ವಾರ್ 'ದ ಹಿಚ್-ಹೈಕರ್'ನಲ್ಲಿ ಮೋಹಿನಿಯೇ ಇಲ್ಲ. ಇಬ್ಬರು ಗಂಡಸರು, ಅವರ ಕಾರಿನಲ್ಲಿ ಪಿಸ್ತೂಲು ಹಿಡಿದ ಮೂರನೇ ಗಂಡಸು. ಇನ್ನು ನೋಡುವವರ ಪಾಲು. ಫಿಲಿಸ್‌ನ ಮಲಮಗಳು ಲೋಲಾ ಒಳ್ಳೆಯ ಹುಡುಗಿ. ಅವಳ ಒಂದು ಮಾತಾದರೂ ನಮಗೆ ನೆನಪಿದೆಯಾ? ಕೋಡ್ ಫಿಲಿಸ್‌ಗೆ ಶಿಕ್ಷೆ ಕೊಟ್ಟಿತು, ಪ್ರೇಕ್ಷಕರು ಅವಳನ್ನೇ ಮನೆಗೆ ಕರೆದುಕೊಂಡು ಹೋದರು. ರೀಟಾ ಹೇವರ್ತ್‌ಗೆ ಮಾತ್ರ ಇದು ಭಾರವಾಯಿತು. ಗಂಡಸರು ಗಿಲ್ಡಾ ಜೊತೆ ಮಲಗಿ ನನ್ನ ಜೊತೆ ಏಳುತ್ತಾರೆ ಅಂತ ಆಕೆ ಹೇಳಿದ ಮಾತು ಹೆಸರಾಗಿದೆ.

ಇನ್ನೊಬ್ಬರು, ಹಿರಿಯರು, ಎಲ್ಲಿಂದ ಶುರು ಮಾಡಬೇಕು, ಎಲ್ಲ ನೋಡಲು ಪುರುಸೊತ್ತಿಲ್ಲ ಅಂದರು. ಅಂಥವರಿಗೆ 'ಡೀಟೂರ್'. 1945ರದ್ದು, ನಿರ್ದೇಶಕ ಎಡ್ಗರ್ ಉಲ್ಮರ್. ಒಂದೂಕಾಲು ಗಂಟೆಯೂ ಇಲ್ಲ. ಕಾಪಿರೈಟ್ ಇಲ್ಲದ ಕಾರಣ ಇಂಟರ್‌ನೆಟ್‌ನಲ್ಲಿ ಸುಮ್ನೆ ಸಿಗುತ್ತದೆ. ನ್ಯೂಯಾರ್ಕಿನ ಒಬ್ಬ ಪಿಯಾನೋ ವಾದಕ ಲಾಸ್ ಏಂಜಲೀಸ್‌ಗೆ ಲಿಫ್ಟ್ ಕೇಳಿಕೊಂಡು ಹೊರಡುತ್ತಾನೆ. ದಾರಿಯಲ್ಲಿ ವೀರಾ ಎಂಬ ಹೆಂಗಸು ಸಿಗುತ್ತಾಳೆ. ಆನ್ ಸ್ಯಾವೇಜ್ ಮಾಡಿದ ಪಾತ್ರ. ಕೆಮ್ಮುತ್ತಾ, ಬೈಯುತ್ತಾ, ಕಣ್ಣಲ್ಲೇ ಸುಡುವಂಥವಳು. ಬೆಡಗು ಒಂದು ಚೂರೂ ಇಲ್ಲ. ಅವಳನ್ನು ನೋಡಿದ ಮೇಲೆ ಉಳಿದ ಮೋಹಿನಿಯರೆಲ್ಲ ಸಂಭಾವಿತರಂತೆ ಕಾಣುತ್ತಾರೆ. ಇಡೀ ಕಥೆ ಹೇಳುವವನು ಆ ಪಿಯಾನೋದವನೇ. ಸಿನಿಮಾದಲ್ಲಿ ಎರಡು ಹೆಣ ಬೀಳುತ್ತವೆ. ಎರಡೂ ಸಲ ಪಕ್ಕದಲ್ಲಿದ್ದವನು ಇವನೊಬ್ಬನೇ. ಎರಡೂ ಆಕಸ್ಮಿಕ, ವಿಧಿ ನನ್ನ ಕಡೆ ಬೆರಳು ತೋರಿಸಿತು, ನಾನೇನು ಮಾಡಲಿ ಅಂತಾನೆ. ನೋಡಿ ಬನ್ನಿ. ಅವನ ಮಾತು ಎಷ್ಟು ನಂಬಿದಿರಿ ಅಂತ ಮುಂದಿನ ತಿಂಗಳು ಇಲ್ಲೇ ಜಗಳ ಆಡೋಣ.